ನಂಗೇಲೆಯ ಹನ್ನೊಂದು ಚೂರುಗಳು

ನಂಗೇಲೆ, ವಾತುಸಾ ದ್ವೀಪ
6 ಮಾರ್ಚ್ 1993

ನನ್ನ ಮಗ ಅಪಿಸಾಯ್‌ನ ಹೆಂಡತಿ ಕಿನಿಸಿಮೆರೆಗೆ, ಅವನ ತಾಯಿ ತರಾಯ್‌ವಿನಿ ಬರೆಯುವುದು.

ಹಡಗಿನವನ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ಒಳಗೆ ಹಳೆಯ ಚಾಪೆಯ ತುಂಡುಗಳಲ್ಲಿ ಸುತ್ತಿದ ಹನ್ನೊಂದು ಮಡಕೆ ಚೂರುಗಳಿವೆ, ಎಣಿಸಿಕೋ. ಅವನು ಚೀಲದ ಮೇಲೆ ಕೂತಿದ್ದರೆ ಹದಿನೈದೋ ಇಪ್ಪತ್ತೋ ಆಗಿರಬಹುದು.

ಮಡಕೆ ಚೂರನ್ನು ಪುಡಿ ಮಾಡಿ, ಅದರ ಮಣ್ಣು ಯಾವ ಊರಿನದು ಎಂದು ಹೇಳುವುದು ನಿನ್ನ ಕೆಲಸವಂತೆ. ಅಪಿಸಾಯ್ ಲೆಬನಾನಿನಿಂದ ಬರೆದಿದ್ದ. ಅಲ್ಲಿ ಯಾರದೋ ಜಗಳದ ನಡುವೆ ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡು ಕಾವಲು ನಿಂತಿದ್ದಾನೆ. ತನ್ನ ಊರಿನ ಜಗಳಕ್ಕೆ ಹೆಂಡತಿಯನ್ನು ನಿಲ್ಲಿಸಿದ್ದಾನೆ.

ಜಗಳ ಏನೆಂದರೆ, ನಮ್ಮ ಮಣ್ಣಿನ ಗುಂಡಿ ತಮ್ಮದು ಎಂದು ನಾಸವು ಊರಿನವರು ಅರ್ಜಿ ಹಾಕಿದ್ದಾರೆ. ನಂಗೇಲೆಯವರು ಅಜ್ಜಂದಿರ ಕಾಲದಲ್ಲಿ ಎಲ್ಲಿಂದಲೋ ಬಂದು ಕೂತವರಂತೆ. ಗುಂಡಿ ಇರುವ ದಂಡೆಯಲ್ಲಿ ಹೋಟೆಲು ಕಟ್ಟುವವರಿಗೆ ಜಾಗ ಕೊಡಬೇಕೆಂದು ಅವರ ಆಸೆ. ಸೆಪ್ಟೆಂಬರಿನಲ್ಲಿ ವಿಚಾರಣೆ. ಗುಂಡಿ ಹೋದರೆ ನಾವು ಹದಿನಾಲ್ಕು ಜನ ಹೆಂಗಸರು ಮಡಕೆ ತಟ್ಟುವುದು ಅಲ್ಲಿಗೆ ಮುಗಿಯಿತು. ಬೇರೆ ಕಡೆಯ ಮಣ್ಣು ನಮ್ಮ ಕೈಗೆ ಬಗ್ಗುವುದಿಲ್ಲ.

ಈ ಚೂರುಗಳನ್ನು ಶಾಲೆಯ ತೋಮಾಸಿ ಮೇಷ್ಟ್ರು ಗುಂಡಿಯ ಪಕ್ಕದ ದಿಬ್ಬದಲ್ಲಿ ಆಳಕ್ಕೆ ಅಗೆದು ತೆಗೆದದ್ದು. ಸಾವಿರ ವರ್ಷದವು ಎಂದು ಹೇಳುತ್ತಾರೆ. ಮೇಷ್ಟ್ರು ಹೇಳುವ ವರ್ಷಗಳಲ್ಲಿ ಅರ್ಧ ಕಳೆದರೂ ನಮಗೆ ಸಾಕು. ಗುಂಡಿಯ ಮಣ್ಣಿನ ಮುದ್ದೆಯನ್ನೂ ಇಟ್ಟಿದ್ದೇನೆ. ಎರಡೂ ಒಂದೇ ಎಂದು ನೀನು ಬರೆದುಕೊಟ್ಟರೆ ಆಯಿತು.

ತರಾಯ್‌ವಿನಿ

*

ಸುವಾ
20 ಮಾರ್ಚ್ 1993

ಗೌರವದ ಅತ್ತೆಯವರಿಗೆ ಕಿನಿಸಿಮೆರೆಯ ವಂದನೆಗಳು.

ಚೂರುಗಳು ಹನ್ನೊಂದೇ ಇವೆ. ಹಡಗಿನವನು ಒಳ್ಳೆಯವನು.

ಪ್ರತಿ ಚೂರಿನಿಂದ ಉಗುರಿನಷ್ಟು ತುಂಡು ತೆಗೆದು, ನುಣ್ಣಗೆ ಅರೆದು, ಆಮ್ಲದಲ್ಲಿ ಕರಗಿಸುತ್ತೇನೆ. ಅದರಲ್ಲಿ ಕಬ್ಬಿಣ ಎಷ್ಟು, ಸುಣ್ಣ ಎಷ್ಟು, ಹೆಸರೇ ಕೇಳಿರದ ಲೋಹಗಳು ಎಷ್ಟು ಎಂದು ಯಂತ್ರ ಹೇಳುತ್ತದೆ. ಒಂದೊಂದು ಊರಿನ ಮಣ್ಣಿಗೂ ಒಂದೊಂದು ಲೆಕ್ಕ ಇರುತ್ತದೆ. ಸಾರು ಕುಡಿದು ಯಾರ ಮನೆಯದು ಎಂದು ಹೇಳಿದ ಹಾಗೆ.

ವಿಚಾರಣೆಯ ಕಚೇರಿಯವರು ನಾಸವು ಕಡೆಯ ಮಣ್ಣು, ಮರಳನ್ನೂ ನಮ್ಮ ಪ್ರಯೋಗಾಲಯಕ್ಕೇ ಕಳಿಸಿದ್ದಾರೆ. ನಂಗೇಲೆ ನನ್ನ ಗಂಡನ ಊರು ಎಂದು ಅವರಿಗೆ ತಿಳಿಸಿದ್ದೇನೆ. ನನ್ನ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಆದ್ದರಿಂದ ನಾನು ಹೆಚ್ಚು ಜಾಗರೂಕಳಾಗಿರಬೇಕು. ಬಂದ ಉತ್ತರವನ್ನೇ ಬರೆಯುತ್ತೇನೆ, ಬೇಕಾದದ್ದನ್ನಲ್ಲ.

ಒಂದು ಪ್ರಶ್ನೆ. ಮಣ್ಣಿಗೆ ಮರಳು ಸೇರಿಸಿ ತುಳಿಯುತ್ತೀರಲ್ಲ, ಅದು ಎಲ್ಲಿಯದು? ಕ್ರಿಸ್‌ಮಸ್ಸಿಗೆ ಬಂದಾಗ ನಾನು ನೋಡಲು ಆಗಲಿಲ್ಲ. ನಾನು ಹತ್ತಿರ ಬಂದಾಗ ನೀವು ಬಾಳೆಲೆ ಮುಚ್ಚಿದಿರಿ.

ಕಿನಿಸಿಮೆರೆ

*

ನಂಗೇಲೆ
13 ಏಪ್ರಿಲ್ 1993

ಕಿನಿಸಿಮೆರೆಗೆ,

ಈಸ್ಟರ್ ಚೆನ್ನಾಗಿ ಆಯಿತು. ಪಾದ್ರಿಗಳ ಪ್ರವಚನ ಎಷ್ಟು ಉದ್ದವಾಯಿತೆಂದರೆ ಒಲೆಗುಂಡಿಯಲ್ಲಿ ಹೂತಿಟ್ಟಿದ್ದ ಕೆಸವಿನ ಗಡ್ಡೆ ಇದ್ದಿಲಾಗಿ ಹೋಯಿತು. ನಾಸವಿನ ನೆಮಾನಿ ನಮ್ಮ ಸಾಲಿನಲ್ಲೇ ಕೂತು ದೊಡ್ಡ ದನಿಯಲ್ಲಿ ಹಾಡಿದ. ಅರ್ಜಿ ಹಾಕಿದವನು ಅವನೇ. ಅವನ ತಂಗಿ ಉನಾಯ್ಸಿ ನಮ್ಮೂರಿನ ಸೊಸೆ, ನನ್ನ ಪಕ್ಕದಲ್ಲೇ ಕೂತು ಮಡಕೆ ತಟ್ಟುವವಳು. ಅವಳು ಅಣ್ಣನ ಮುಖ ನೋಡಲಿಲ್ಲ.

ಮರಳು ಅಂದರೆ ಮರಳು. ದ್ವೀಪದಲ್ಲಿ ಕೂತವರಿಗೆ ಮರಳಿಗೇನು ಬರ? ನೀನು ಮಣ್ಣು ನೋಡಿದರೆ ಸಾಕು.

ಬಾಳೆಲೆ ಮುಚ್ಚಿದ್ದು ಮಣ್ಣು ಒಣಗದಿರಲಿ ಎಂದು.

ತರಾಯ್‌ವಿನಿ

*

ಸುವಾ
29 ಮೇ 1993

ಗೌರವದ ಅತ್ತೆಯವರಿಗೆ,

ಉತ್ತರ ಬಂದಿದೆ. ಮೂರು ಸಲ ಮಾಡಿ ನೋಡಿದೆ.

ಹನ್ನೊಂದರಲ್ಲಿ ಒಂದು ಚೂರೂ ನಿಮ್ಮ ಗುಂಡಿಯ ಮಣ್ಣಿಗೆ ಹೊಂದುವುದಿಲ್ಲ. ನಾಲ್ಕು ನಾಸವಿನ ದಂಡೆಯ ಕಡೆಗೆ ವಾಲುತ್ತವೆ. ಉಳಿದ ಏಳು ವಾತುಸಾ ದ್ವೀಪದವೇ ಅಲ್ಲ ಎನ್ನಿಸುತ್ತದೆ, ಅವುಗಳಲ್ಲೂ ಮೂರ್ನಾಲ್ಕು ಬಗೆ ಇವೆ. ಬೇರೆ ಬೇರೆ ಕಡೆ ಮಾಡಿದ ಮಡಕೆಗಳನ್ನು ಯಾರೋ ಅಲ್ಲಿಗೆ ತಂದಿರಬೇಕು ಎಂದಷ್ಟೇ ಹೇಳಬಹುದು. ಆ ಕಾಲದಲ್ಲಿ ನಂಗೇಲೆಯಲ್ಲಿ ಮಡಕೆ ಮಾಡುತ್ತಿದ್ದರು ಎನ್ನುವುದಕ್ಕೆ ಇದರಲ್ಲಿ ಆಧಾರವಿಲ್ಲ.

ಕಚೇರಿ ಕೊಟ್ಟ ಗಡುವು ನಿನ್ನೆಗೆ ಮುಗಿಯಿತು. ವರದಿ ಕಳಿಸಿದ್ದೇನೆ. ಅದು ನಿಮಗೆ ಬೇರೆಯವರ ಬಾಯಿಂದ ತಿಳಿಯಬಾರದೆಂದು ಇವತ್ತೇ ಬರೆಯುತ್ತಿದ್ದೇನೆ. ನನಗೆ ತುಂಬ ಬೇಸರವಾಗಿದೆ. ಆದರೆ ಸುಳ್ಳು ಬರೆಯಲು ಬರುವುದಿಲ್ಲ.

ಕಿನಿಸಿಮೆರೆ

*

ಸುವಾ
3 ಜುಲೈ 1993

ಅತ್ತೆಯವರಿಗೆ,

ಎರಡು ಸಲ ಹಡಗು ಬಂದು ಹೋಯಿತು. ನಿಮ್ಮ ಕಾಗದ ಬರಲಿಲ್ಲ. ಹಡಗಿನವನನ್ನು ಕೇಳಿದೆ. "ಅಮ್ಮ ದಂಡೇಲೇ ನಿಂತಿದ್ರು. ಏನಾದ್ರೂ ಕೊಡ್ತೀರಾ ಅಂದೆ. ನನ್ ಮುಖ ನೋಡಿ ಒಳಕ್ಕೆ ಹೋದ್ರು" ಎಂದ.

ಅಪಿಸಾಯ್ ಫೋನ್ ಮಾಡಿದ್ದರು. ನಾನು ವಿಷಯ ಹೇಳಿದೆ. ಅವರು ಅಲ್ಲಿ ಬಿಸಿಲು ಜಾಸ್ತಿ ಎಂದು ಹೇಳಿ ಇಟ್ಟುಬಿಟ್ಟರು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಕ್ರಿಸ್‌ಮಸ್ಸಿಗೆ ಬಂದಾಗ ಒಂದು ದಿನ ನಿಮ್ಮೂರಿನ ಹೆಂಗಸರೆಲ್ಲ ಮಣ್ಣು ತುಳಿಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಬಂದು ಕೈ ಚಾಚಿದೆ. ನೀವು ಎಲೆ ಮುಚ್ಚಿ, "ಹೋಗು, ಚಹಾ ಕುಡಿ ಹೋಗು" ಎಂದಿರಿ. ಎಲ್ಲರೂ ತಲೆ ತಗ್ಗಿಸಿದರು. ಪೇಟೆಯಲ್ಲಿ ಬೆಳೆದವಳು, ಹೇಳಿಕೊಳ್ಳಲು ಒಂದು ಊರಿಲ್ಲದವಳು ಎಂದು ನನ್ನನ್ನು ದೂರ ಇಟ್ಟಿರಿ ಅಂತ ಅವತ್ತು ತುಂಬ ಅತ್ತಿದ್ದೆ. ಆ ಸಿಟ್ಟಿಗೆ ಈಗ ಹೀಗೆ ಬರೆದೆ ಎಂದು ನೀವು ತಿಳಿದಿರಬಹುದು. ಖಂಡಿತ ಅಲ್ಲ. ನಿಮ್ಮ ಪರವಾಗಿ ಉತ್ತರ ಬರಲಿ ಎಂದು ಪ್ರತಿ ಸಲವೂ ಬೇಡಿಕೊಂಡೇ ಯಂತ್ರ ಹಚ್ಚಿದ್ದೆ.

ಇನ್ನೊಂದು ವಿಷಯ. ಮೊನ್ನೆ ಉಳಿದ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಅಂಟುಮಣ್ಣು ಹನ್ನೊಂದರಲ್ಲೂ ಒಂದೇ ತರಹ ಕಾಣುತ್ತದೆ. ಅದರೊಳಗಿನ ಮರಳಿನ ಕಾಳುಗಳು ಮಾತ್ರ ಬೇರೆ ಬೇರೆ. ಒಂದರಲ್ಲಿ ಕಪ್ಪು, ಒಂದರಲ್ಲಿ ಹಸಿರು ಹರಳು, ಒಂದರಲ್ಲಿ ಚಿಪ್ಪಿನ ಪುಡಿ. ನಾನು ಎರಡನ್ನೂ ಒಟ್ಟಿಗೆ ಅರೆದುಬಿಟ್ಟಿದ್ದೆ. ಯಾರಾದರೂ ತಮ್ಮ ಮನೆ ಬಾಗಿಲಲ್ಲಿ ಸಿಗುವ ಮರಳು ಬಿಟ್ಟು ಅಷ್ಟು ದೂರದಿಂದ ಯಾಕೆ ತರುತ್ತಾರೆ? ಅತ್ತೆ, ನಿಮ್ಮ ಮರಳು ಎಲ್ಲಿಯದು?

ಕಿನಿ

*

ನಂಗೇಲೆ
18 ಜುಲೈ 1993

ಕಿನಿ,

ನನಗೆ ಸಿಟ್ಟು ಬಂದಿತ್ತು. ಬಂದಿರಲಿಲ್ಲ ಎಂದು ಬರೆದರೆ ಪಾದ್ರಿಗಳ ಮುಂದೆ ಕೂರಲಾಗುವುದಿಲ್ಲ.

ನಿನ್ನ ವರದಿ ತಲುಪಿದ ವಾರ ನಾಸವಿನವರು ಹಂದಿ ಕಡಿದರು. ನಮ್ಮ ಗಂಡಸರನ್ನೂ ಕರೆದು ಯಂಗೋನ ಕುಡಿಸಿದರು. ಆ ಬೇರಿನ ನೀರು ಕುಡಿದರೆ ನಮ್ಮ ಗಂಡಸರಿಗೆ ಯಾರು ಏನು ಅಂದರೂ ಹಿತವಾಗಿಯೇ ಕೇಳುತ್ತದೆ. ನೆಮಾನಿ, "ನಿಮ್ ಸೊಸೇನೇ ಹೇಳವ್ಳಲ್ಲಪ್ಪ, ಇನ್ನು ನಮ್ದೇನಿದೆ" ಎಂದನಂತೆ. ಆ ಮಾತು ನನಗೆ ನಾಟಿತು. ಬೇಕೆಂದೇ ಮಾಡಿದೆ ಎಂದುಕೊಂಡೆ. ಬಾಳೆಲೆಯ ಸಿಟ್ಟು ಎಂದೇ ಅಂದುಕೊಂಡೆ. ನೀನು ಸರಿಯಾಗಿಯೇ ಊಹಿಸಿದ್ದೀಯ.

ಆಮೇಲೆ ನಿನ್ನ ಈ ಕಾಗದ ಬಂತು. ಕಪ್ಪು ಮರಳು, ಹಸಿರು ಹರಳು ಎಂದು ಓದಿದ ಕೂಡಲೇ ಕಾಗದ ಹಿಡಿದು ಎದ್ದೆ. ಉನಾಯ್ಸಿಗೂ ಉಳಿದವರಿಗೂ ಓದಿ ಹೇಳಿದೆ. ಉನಾಯ್ಸಿ, "ಹೇಳ್ಬಿಡಿ ಅಕ್ಕ. ಅವ್ಳೇ ಅರ್ಧ ಕಂಡ್ಕೊಂಡವ್ಳೆ" ಎಂದಳು. ಹೇಳುತ್ತೇನೆ. ಇದನ್ನು ಇದುವರೆಗೆ ಯಾರೂ ಕಾಗದದ ಮೇಲೆ ಬರೆದಿಲ್ಲ. ಬರೆದ ಬೆರಳಿಗೆ ಏನಾಗುತ್ತದೋ ನೋಡೋಣ.

ನಂಗೇಲೆಗೆ ಸೊಸೆಯಾಗಿ ಬರುವವಳು ತನ್ನ ತವರಿನ ಮರಳನ್ನು ಒಂದು ಬುಟ್ಟಿ ತರುತ್ತಾಳೆ. ಅವಳ ತಾಯಿ ತನ್ನ ಕೈಯಾರೆ ತುಂಬಿ ಕೊಡಬೇಕು. ನಾಲ್ಕನೆಯ ದಿನ ಅತ್ತೆ ಅವಳನ್ನು ಗುಂಡಿಗೆ ಕರೆದುಕೊಂಡು ಹೋಗಿ, ನಮ್ಮ ಮಣ್ಣಿಗೆ ಆ ಮರಳನ್ನು ಹಾಕಿ ತುಳಿಸುತ್ತಾಳೆ. ಅಲ್ಲಿಂದ ಮುಂದೆ ಅವಳು ಸಾಯುವವರೆಗೂ ಅವಳ ಮಡಕೆಗೆ ಅವಳ ತವರಿನ ಮರಳೇ. ಮುಗಿದರೆ ಅಣ್ಣತಮ್ಮಂದಿರ ದೋಣಿಯಲ್ಲೋ ಗಂಡನ ಹೆಗಲ ಮೇಲೋ ಮತ್ತೆ ಬರುತ್ತದೆ. ನನ್ನದು ಕೊಮೊಲಾಯ್ ದ್ವೀಪದ ಕಪ್ಪು ಮರಳು, ಉನಾಯ್ಸಿಯದು ನಾಸವಿನದು, ಅದರಲ್ಲೇ ಹಸಿರು ಹರಳು ಇರುವುದು. ಮಣ್ಣು ಗಂಡನ ಮನೆಯದು, ಮರಳು ತವರಿನದು. ಎರಡೂ ಕೂಡಿದರೇ ಮಡಕೆ ಬೆಂಕಿಯಲ್ಲಿ ನಿಲ್ಲುವುದು.

ಯಾಕೆ ಎಂದು ಬುಟ್ಟಿ ಹೊತ್ತು ತರುವ ಗಂಡಸರಿಗೂ ಗೊತ್ತಿಲ್ಲ. ಮರಳು ತುಂಬಿ ಕೊಡದ, ತರದ ಹೆಂಗಸಿಗೆ ಹೇಳುವ ಹಾಗೂ ಇಲ್ಲ. ಮರಳು ತರದವಳು ಮಣ್ಣು ಮುಟ್ಟಿದರೆ ಅವಳು ಆ ಮನೆಯಲ್ಲಿ ಬಾಳುವುದಿಲ್ಲ ಎಂದು ನಂಬಿಕೆ. ನಿಮ್ಮ ಮದುವೆ ಸುವಾದಲ್ಲೇ ಮುಗಿದುಹೋಯಿತು. ನಿನಗೆ ತಾಯಿ ಇಲ್ಲವೆಂದು ಅಪಿಸಾಯ್ ಹೇಳಿದ್ದ. ನಿನ್ನ ಊರು ಯಾವುದು ಎಂದು ನಿನ್ನನ್ನು ಹೇಗೆ ಕೇಳಲಿ? ಕೇಳಿ ನೋಯಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂದುಕೊಂಡೆ. ನೀನು ಕೈ ಚಾಚಿದಾಗ ನನ್ನ ಮಗನನ್ನು ಬಿಟ್ಟು ಹೋಗಬಾರದೆಂದು ಎಲೆ ಮುಚ್ಚಿದೆ. ನಿನ್ನನ್ನು ದೂರ ಇಡಬೇಕೆಂದು ಅಲ್ಲ, ನೀನು ದೂರವಾಗಬಾರದೆಂದು.

ನೀನು ಅತ್ತದ್ದು ನನಗೆ ತಿಳಿಯಲಿಲ್ಲ. ತಪ್ಪು ನನ್ನದು. ನೀನು ಮಾರ್ಚಿನಲ್ಲಿ ಕೇಳಿದಾಗಲೇ ಹೇಳಿದ್ದರೆ ನಾಸವಿನವರ ಹಂದಿಯೂ ಬದುಕಿರುತ್ತಿತ್ತು.

ಈಗ ಏನಾದರೂ ಮಾಡಲಾಗುತ್ತದೆಯೇ ನೋಡು.

ತರಾಯ್‌ವಿನಿ

*

ಸುವಾ
14 ಆಗಸ್ಟ್ 1993

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸಮಾಧಾನವಾಗಿ ಒಂದು ಸಲ ಅತ್ತುಬಿಟ್ಟೆ. ಆಮೇಲೆ ಕೆಲಸಕ್ಕೆ ಕೂತೆ.

ಉಳಿದ ತುಂಡುಗಳನ್ನು ಮೆಲ್ಲಗೆ ಜಜ್ಜಿ, ನೀರಿನಲ್ಲಿ ತೊಳೆದು, ಕಾಳುಗಳನ್ನು ಸೂಜಿಯಿಂದ ಒಂದೊಂದಾಗಿ ಹೆಕ್ಕಿ ತೆಗೆದೆ. ಇದಕ್ಕೇ ಇಪ್ಪತ್ತು ದಿನ ಹಿಡಿಯಿತು. ಬರಿಯ ಅಂಟುಮಣ್ಣನ್ನು ಮಾತ್ರ ಕರಗಿಸಿ ನೋಡಿದೆ. ಹನ್ನೊಂದೂ ನಿಮ್ಮ ಗುಂಡಿಯದೇ. ಒಂದೂ ತಪ್ಪಿಲ್ಲ. ಪರಿಶೀಲಿಸುವವರೂ ಒಪ್ಪಿ ಸಹಿ ಹಾಕಿದ್ದಾರೆ.

ಮೊದಲ ವರದಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮಣ್ಣನ್ನೂ ಮರಳನ್ನೂ ಬೇರ್ಪಡಿಸದೆ ಅರೆದದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿದೆ. ನಮ್ಮ ಮೇಲಿನವರು ಮುಖ ಗಂಟಿಕ್ಕಿದ್ದಾರೆ. ಇನ್ನು ಒಂದು ವರ್ಷ ನನ್ನ ಹೆಸರಿನಲ್ಲಿ ಯಾವ ವರದಿಯೂ ಹೋಗುವುದಿಲ್ಲವಂತೆ. ಹೋಗಲಿ ಬಿಡಿ.

ಹೊಸ ವರದಿಯಲ್ಲಿ ಮರಳು ಬೇರೆ ಬೇರೆ ಕಡೆಯದು ಎಂದಷ್ಟೇ ಬರೆದಿದ್ದೇನೆ. ಯಾಕೆ ಎಂದು ಬರೆದಿಲ್ಲ. ಅದು ನನ್ನದಲ್ಲ. ಆದರೆ ವಿಚಾರಣೆಯಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ನಾಲ್ಕು ಚೂರುಗಳಲ್ಲಿ ನಾಸವಿನ ಮರಳಿದೆ. ಮಡಕೆ ಮಾಡಿದವರು ನಾವೇ, ಬಂದು ಮಣ್ಣು ತೆಗೆದುಕೊಂಡು ಹೋಗುತ್ತಿದ್ದೆವು ಎಂದು ಅವರು ಹೇಳಬಹುದು. ಅದಕ್ಕೆ ನನ್ನ ಯಂತ್ರದಲ್ಲಿ ಉತ್ತರವಿಲ್ಲ. ನಿಮ್ಮಲ್ಲಿದೆ. ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಹೇಳದಿದ್ದರೂ ನನಗೆ ಅರ್ಥವಾಗುತ್ತದೆ.

ನೀವು ಕೇಳದೆ ಬಿಟ್ಟದ್ದಕ್ಕೆ ನಾನೇ ಉತ್ತರ ಹೇಳುತ್ತೇನೆ. ನಾನು ಎರಡು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಅವಳನ್ನೂ ಚಿಕ್ಕಂದಿನಲ್ಲಿ ಯಾರೋ ಸಾಕಿಕೊಂಡಿದ್ದರಂತೆ, ಅವಳು ಯಾವ ದ್ವೀಪದವಳು ಎಂದು ಹೇಳುವವರು ಉಳಿದಿಲ್ಲ. ಅಪ್ಪ ಹಡಗಿನ ಮೇಲೆ ಹೋದವರು ಬರಲಿಲ್ಲ. ಆಸ್ಪತ್ರೆಯ ದಾದಿಯರ ವಸತಿಯಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಅಮ್ಮ ನನ್ನನ್ನು ಬೆಳೆಸಿದರು. ಅವರೂ ಈಗಿಲ್ಲ. ನೂರಾರು ಊರುಗಳ ಮಣ್ಣು ನೋಡಿ ಇದು ಎಲ್ಲಿಯದು ಎಂದು ಹೇಳಿದ್ದೇನೆ. ನನ್ನದು ಎಂದು ತೋರಿಸುವುದಕ್ಕೆ ಒಂದು ಹಿಡಿ ಇಲ್ಲ.

ಕಿನಿ

*

ನಂಗೇಲೆ
20 ಸೆಪ್ಟೆಂಬರ್ 1993

ಕಿನಿ,

ಗುರುವಾರ ವಿಚಾರಣೆ ಆಯಿತು. ನಮ್ಮ ಸಭಾಮನೆಯಲ್ಲೇ ನಡೆಯಿತು. ಸುವಾದಿಂದ ಮೂವರು ಅಧಿಕಾರಿಗಳು ಬಂದಿದ್ದರು. ಗಂಡಸರು ಮೇಲಿನ ಚಾಪೆಗಳ ಮೇಲೆ, ನಾವು ಬಾಗಿಲ ಕಡೆ. ನಮ್ಮ ಎದುರು ನಾಸವಿನ ಹೆಂಗಸರು, ಅವರ ನಡುವೆ ನೆಮಾನಿಯ ತಾಯಿ ಮಿಲಿಯಾಕೆರೆ.

ನಿನ್ನ ವರದಿ ಓದಿದರು. ನೆಮಾನಿ ಎದ್ದು, ನೀನು ಮೊದಲೇ ಊಹಿಸಿದ್ದನ್ನೇ ಹೇಳಿದ. ಮರಳು ತಮ್ಮದು, ಮಾಡಿದವರು ತಾವು, ಮಣ್ಣು ತಮ್ಮ ಗುಂಡಿಯದು. ಅಧಿಕಾರಿ ನಮ್ಮ ಗಂಡಸರ ಕಡೆ ತಿರುಗಿ, ನಾಸವಿನ ಮರಳು ನಿಮ್ಮ ಮಡಕೆಗೆ ಹೇಗೆ ಬಂತು ಎಂದು ಕೇಳಿದರು. ನಮ್ಮ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಅವರಿಗೇನು ಗೊತ್ತು.

ನಾನು ಎದ್ದೆ. ಆ ಮನೆಯಲ್ಲಿ ಹೆಂಗಸು ಎದ್ದು ನಿಂತದ್ದನ್ನು ನಾನು ನೋಡಿಲ್ಲ. ಹೇಳಿದರೆ ನಮ್ಮ ಅತ್ತೆಯಂದಿರು, ಅವರ ಅತ್ತೆಯಂದಿರು ಕಾಪಾಡಿಕೊಂಡು ಬಂದದ್ದು ಹೋಗುತ್ತದೆ. ಹೇಳದಿದ್ದರೆ ಗುಂಡಿ ಹೋಗುತ್ತದೆ. ಗುಂಡಿಯೇ ಹೋದ ಮೇಲೆ ಗುಟ್ಟು ಯಾರಿಗೆ ಹೇಳುವುದು? ಅಧಿಕಾರಿಗಳ ಕಡೆ ನಾನು ನೋಡಲಿಲ್ಲ. ಮಿಲಿಯಾಕೆರೆಯ ಕಡೆ ತಿರುಗಿ ಕೇಳಿದೆ.

"ಅಮ್ಮಾ, ಉನಾಯ್ಸಿನ ನಮ್ಮೂರಿಗೆ ಕಳಿಸ್ವಾಗ ಅವಳ ಬುಟ್ಟೀಲಿ ಏನ್ ತುಂಬಿಕೊಟ್ರಿ?"

ಮುದುಕಿ ತಲೆ ತಗ್ಗಿಸಿದಳು. ಚಾಪೆಯ ಅಂಚು ಸವರತೊಡಗಿದಳು. ಅವಳ ಮಗನೇ ಎದುರು ನಿಂತಿದ್ದಾನೆ, ಅವಳಿಗೆ ಎಷ್ಟು ಕಷ್ಟ ಆಗಿರಬೇಕು ನೋಡು. ಇತ್ತ ಉನಾಯ್ಸಿ ನನ್ನ ಲಂಗದ ಅಂಚು ಹಿಡಿದುಕೊಂಡು ಕೂತಿದ್ದಳು.

"ಮರಳು" ಎಂದಳು ಮಿಲಿಯಾಕೆರೆ. "ನಮ್ ದಂಡೇದು. ನಾನೇ ತುಂಬಿದೆ. ನಮ್ಮತ್ತೇನೂ ತನ್ನ ಮಗಳಿಗೆ ತುಂಬಿದ್ಳು. ನಂಗೇಲೆಗೆ ಹೆಣ್ ಕೊಡೋರೆಲ್ಲ ತುಂಬ್ತಾರೆ. ನಾವು ಯಾವತ್ತೂ ಮಡಕೆ ಮಾಡ್ದೋರಲ್ಲ ಕಣೋ ನೆಮಾನಿ, ಹೆಣ್ ಕೊಟ್ಟೋರು. ಸುಮ್ನೆ ಕೂತ್ಕೋ."

ನೆಮಾನಿ ಕೂತ. ಅಧಿಕಾರಿ ನಿನ್ನ ವರದಿಯನ್ನು ಮತ್ತೆ ತೆಗೆದು, ಆ ನಾಲ್ಕು ಚೂರುಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಓದಿದರು. ಹಾಗಾದರೆ ಅಷ್ಟು ಹಿಂದೆಯೇ ನಾಸವಿನವರು ಈ ಊರಿಗೆ ಹೆಣ್ಣು ಕೊಡುತ್ತಿದ್ದರು ಎಂದಾಯಿತು, ಇಲ್ಲದ ಊರಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದರು. ಗುಂಡಿ ನಮ್ಮದೇ ಎಂದು ಬರೆದುಕೊಂಡರು. ಕಾಗದ ಆಮೇಲೆ ಬರುತ್ತದಂತೆ.

ಗಂಡಸರಿಗೆ ಇನ್ನೂ ಬೆರಗು ಇಳಿದಿಲ್ಲ. ಉನಾಯ್ಸಿಯ ಗಂಡ ಹದಿನೆಂಟು ವರ್ಷ ಆ ಬುಟ್ಟಿಗಳನ್ನು ಹೊತ್ತು ತಂದವನು. ಬಾಳೆ ಸಸಿಗೆ ಹಾಕಲು ತವರಿನ ಮಣ್ಣು ತರಿಸುತ್ತಾಳೆ ಎಂದುಕೊಂಡಿದ್ದನಂತೆ. ಆಮೇಲೆ ನೆಮಾನಿ ಪದ್ಧತಿಯಂತೆ ತಿಮಿಂಗಿಲದ ಹಲ್ಲಿನ ಕಾಣಿಕೆ ಹಿಡಿದು ಬಂದು ತಪ್ಪಾಯಿತೆಂದು ತಲೆಬಾಗಿದ. ತೆಗೆದುಕೊಂಡೆವು. ಅವರ ಹೆಣ್ಣುಗಳು ನಮ್ಮಲ್ಲಿದ್ದಾರೆ, ಎಷ್ಟು ದಿನ ಮುನಿಸು?

ನನ್ನ ಬೆರಳಿಗೆ ಏನೂ ಆಗಿಲ್ಲ.

ತರಾಯ್‌ವಿನಿ

*

ಸುವಾ
9 ಅಕ್ಟೋಬರ್ 1993

ಪ್ರೀತಿಯ ಅತ್ತೆ,

ಓದಿ ಕುಣಿದಾಡಿದೆ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಬೆಣ್ಣೆಬನ್ನು ತಂದು ಹಂಚಿದೆ, ಮುಖ ಗಂಟಿಕ್ಕಿದವರೂ ಎರಡು ತಿಂದರು.

ಡಿಸೆಂಬರಿಗೆ ಅಪಿಸಾಯ್ ಬರುತ್ತಾರೆ. ಇಬ್ಬರೂ ಕ್ರಿಸ್‌ಮಸ್ಸಿಗೆ ನಂಗೇಲೆಗೆ ಬರುತ್ತೇವೆ. ನೀವು ಮಣ್ಣು ತುಳಿಯುವಾಗ ನಾನು ದೂರದಲ್ಲಿ ಕೂತು ಮರಗೆಣಸು ಸುಲಿಯುತ್ತೇನೆ. ಈಗ ಕಾರಣ ಗೊತ್ತಿದೆ, ನೋವಿಲ್ಲ. ನೀವೂ ನೊಂದುಕೊಳ್ಳಬೇಡಿ.

ನಿಮ್ಮ ಕಿನಿ

*

ನಂಗೇಲೆ
7 ನವೆಂಬರ್ 1993

ಮಗಳೇ ಕಿನಿ,

ಮರಗೆಣಸು ಸುಲಿಯಲು ಅಪಿಸಾಯ್ ಇದ್ದಾನೆ. ಸೈನ್ಯದಲ್ಲಿ ಅದೊಂದು ಕೆಲಸ ಚೆನ್ನಾಗಿ ಕಲಿಸಿರುತ್ತಾರೆ.

ಹೋದ ವಾರ ನಾನು ಕೊಮೊಲಾಯ್‌ಗೆ ಹೋಗಿದ್ದೆ. ಅಣ್ಣ ಸತ್ತ ಮೇಲೆ ಹೋಗಿರಲಿಲ್ಲ, ಹನ್ನೊಂದು ವರ್ಷವಾಗಿತ್ತು. ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ. ಹಾಯಿ ಹಿಡಿದಿದ್ದ ಅಣ್ಣನ ಮಗ, "ಹೇಳಿದ್ರೆ ನಾನೇ ತಂದ್ಕೊಡ್ತಿದ್ನಲ್ಲ ಅತ್ತೆ, ಈ ವಯಸ್ನಲ್ಲಿ ಯಾಕೆ ಬಂದ್ರಿ" ಎಂದು ನಕ್ಕ. ಅವನು ತಂದರೆ ಆಗುವುದಿಲ್ಲ. ನನಗೆ ತಂದುಕೊಟ್ಟ ಹಾಗಲ್ಲ ಅದು. ಮೊದಲ ಬುಟ್ಟಿಯನ್ನು ತಾಯಿಯೇ ತುಂಬಬೇಕು.

ನೀರಿಳಿದ ಹೊತ್ತಿನಲ್ಲಿ ಮಂಡಿಯೂರಿ ಕೂತು, ನನ್ನ ಕೈಯಾರೆ ಒಂದು ಬುಟ್ಟಿ ಕಪ್ಪು ಮರಳು ತುಂಬಿದೆ. ಅದು ನಿನ್ನದು. ಉನಾಯ್ಸಿಯನ್ನೂ ಉಳಿದವರನ್ನೂ ಕೂರಿಸಿ ಕೇಳಿದೆ, ಸೊಸೆಗೆ ಅತ್ತೆಯೇ ತಾಯಿಯಾಗಿ ಬುಟ್ಟಿ ಕೊಟ್ಟದ್ದು ಹಿಂದೆ ಇದೆಯೇ ಎಂದು. ಯಾರಿಗೂ ಗೊತ್ತಿಲ್ಲ. ಬೇಡ ಎಂದವರು ಒಬ್ಬರೂ ಇಲ್ಲ. ನೀನು ಬಂದ ನಾಲ್ಕನೆಯ ದಿನ ಗುಂಡಿಗೆ ಹೋಗೋಣ. ಹಿಮ್ಮಡಿ ಒಡೆಯುತ್ತದೆ, ಈಗಿನಿಂದಲೇ ಎಣ್ಣೆ ಹಚ್ಚಿಕೋ.

ಮುಂದೆ ಎಂದಾದರೂ ನಿನ್ನಂಥವಳೊಬ್ಬಳು ಬಂದು, ನನ್ನ ಮಡಕೆಯ ಚೂರನ್ನೂ ನಿನ್ನ ಮಡಕೆಯ ಚೂರನ್ನೂ ಅರೆದು ನೋಡುತ್ತಾಳೆ. ಇಬ್ಬರದೂ ಒಂದೇ ತವರು ಎಂದು ಬರೆದುಕೊಳ್ಳುತ್ತಾಳೆ. ಬರೆದುಕೊಳ್ಳಲಿ. ನೀನು ಎಲ್ಲೂ ಅದನ್ನು ತಿದ್ದಿ ಬರೆದಿಡಬೇಡ.

ನಿನ್ನ ತಾಯಿ
ತರಾಯ್‌ವಿನಿ